ಊರಿನ ಕಸುವು: ರಾಮನಗರ ಸೀಮೆಯಲ್ಲಿ ಜನಬಲದಿಂದ ಸಮುದಾಯ ಕಟ್ಟಿದ ಬಗೆ

ಊರಿಗೆ ಏನೇನು ಇಲ್ಲ ಎಂದು ಪಟ್ಟಿ ಮಾಡುವ ಮೊದಲು ಅಲ್ಲಿನ ಜನಕ್ಕೆ ಏನೇನು ಬರುತ್ತದೆ, ಯಾರ ಕೈಯಲ್ಲಿ ಯಾವ ಕಸುಬಿದೆ, ಯಾರು ಯಾರೊಡನೆ ಕೂಡಿ ದುಡಿಯುತ್ತಾರೆ ಎಂದು ನೋಡಿಕೊಂಡು, ಆ ಬಲದ ಮೇಲೆ ಊರನ್ನು ಕಟ್ಟುವ ಕ್ರಮವನ್ನು ಸಾಮರ್ಥ್ಯ ಆಧಾರಿತ ಸಮುದಾಯ ಅಭಿವೃದ್ಧಿ ಎನ್ನುತ್ತಾರೆ. ಕರ್ನಾಟಕದಲ್ಲಿ ಇದನ್ನು ಹತ್ತಿರದಿಂದ ನೋಡಬಹುದಾದ ಜಾಗ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸೀಮೆ. ಈ ನಾಲ್ಕು ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರೆಯಾಗಿ 2007ರ ಆಗಸ್ಟ್ 23ರಂದು ರಾಮನಗರ ಜಿಲ್ಲೆಯಾದವು. ಹಾರೋಹಳ್ಳಿ ಆಮೇಲೆ ತಾಲ್ಲೂಕಾಯಿತು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 10.8 ಲಕ್ಷ. 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಒಪ್ಪಿಗೆ ನೀಡಿತು.

ಬಂಡೆಗಳು, ಕುರುಚಲು ಕಾಡು, ಮಳೆಯನ್ನು ನಂಬಿದ ರಾಗಿ ಹೊಲ, ರಾಜಧಾನಿಯ ಮಗ್ಗುಲು: ಹೊರಗಿನವರು ಈ ಸೀಮೆಯನ್ನು ಬಹುಕಾಲ ಬಣ್ಣಿಸಿದ್ದು ಹೀಗೆ. 1970ರ ದಶಕದಲ್ಲಿ 'ಶೋಲೆ' ಸಿನಿಮಾದ ತಂಡ ರಾಮದೇವರ ಬೆಟ್ಟದ ಬಂಡೆಗಳನ್ನು ಹುಡುಕಿಕೊಂಡು ಬಂತು. ಅದೇ ಊರಿನ ಬೀದಿಗಳಲ್ಲಿ ಬಿಸಿನೀರಿನಿಂದ ರೇಷ್ಮೆ ಎಳೆ ಎತ್ತುತ್ತಿದ್ದ ಕೈಗಳು ತೆರೆಯ ಮೇಲೆ ಬರಲಿಲ್ಲ. ಆದರೆ ಊರನ್ನು ನಿಲ್ಲಿಸಿದ್ದು ಆ ಕೈಗಳೇ. ಇಲ್ಲಿಯ ಇತಿಹಾಸವನ್ನು ಕಸುಬುಗಳ ಕಡೆಯಿಂದ ಓದಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಕಸುಬು ಬಲ್ಲವರಿಗೆ ತಮ್ಮ ದುಡಿಮೆಯ ಬೆಲೆಯ ಬಗ್ಗೆ ಮಾತಾಡುವ ಹಕ್ಕು ಸಿಕ್ಕ ಕಡೆ ಸಮುದಾಯ ಗಟ್ಟಿಯಾಗಿದೆ. ಸಿಗದ ಕಡೆ ಅದೇ ಕಸುಬು ಬೇರೆಯವರ ಸಿರಿಯನ್ನು ಬೆಳೆಸಿದೆ.

ಪರಿಕಲ್ಪನೆ

ಈ ಚಿಂತನೆಗೆ ಇಂದಿನ ರೂಪ ಕೊಟ್ಟವರು ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿದ್ದ ಜಾನ್ ಮೆಕ್‌ನೈಟ್ ಮತ್ತು ಜಾನ್ ಕ್ರೆಟ್ಜ್‌ಮನ್. ಷಿಕಾಗೊ ಮತ್ತಿತರ ನಗರಗಳ ಬಡ ಕೇರಿಗಳನ್ನು ಸುತ್ತಿ ಅವರು ಬರೆದ ಪುಸ್ತಕ 1993ರಲ್ಲಿ ಹೊರಬಂತು. ಒಂದು ಕೇರಿಯನ್ನು ನಿರುದ್ಯೋಗ, ಅಪರಾಧ, ಅನಕ್ಷರತೆಗಳ ನಕ್ಷೆಯಾಗಿಯೇ ನೋಡುತ್ತ ಹೋದರೆ ಅಲ್ಲಿನ ಜನ ತಮ್ಮನ್ನು ತಾವೂ ಹಾಗೆಯೇ ನೋಡಿಕೊಳ್ಳಲು ಕಲಿಯುತ್ತಾರೆ, ಹೆಚ್ಚು ಕೊರತೆ ತೋರಿಸಿದವರಿಗೆ ಹೆಚ್ಚು ನೆರವು ಎಂಬ ಲೆಕ್ಕಾಚಾರ ಬೆಳೆಯುತ್ತದೆ ಎಂಬುದು ಅವರ ಆಕ್ಷೇಪ. ಇದಕ್ಕೆ ಬದಲಾಗಿ ಒಬ್ಬೊಬ್ಬರ ಕೌಶಲ, ನೆರೆಹೊರೆಯ ಸಂಘಗಳು, ಶಾಲೆ ಆಸ್ಪತ್ರೆಗಳಂಥ ಸಂಸ್ಥೆಗಳು, ನೆಲ ನೀರು, ಸ್ಥಳೀಯ ವ್ಯಾಪಾರ, ಊರಿನ ಕಥನ ಇವನ್ನು ಮೊದಲು ಎಣಿಸಿ ಎಂದರು.

ಕರ್ನಾಟಕಕ್ಕೆ ಈ ಮಾತು ಹೊಸದಾಗಿರಲಿಲ್ಲ. ಟಿಬೆಟ್ ನಿರಾಶ್ರಿತರ ಪುನರ್ವಸತಿಗೆಂದು 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ 1980ರ ದಶಕದಲ್ಲಿಯೇ ಹಳ್ಳಿಯ ಬಡವರ ಸಣ್ಣ ಸಣ್ಣ ಗುಂಪುಗಳಿಗೆ ಹಣದ ವಹಿವಾಟು ಒಪ್ಪಿಸಿತ್ತು. ಒಬ್ಬರನ್ನೊಬ್ಬರು ನಂಬುವ ಜನರ ನಡುವಿನ ಆ ನಂಬಿಕೆಯೇ ಬ್ಯಾಂಕು ಕೇಳುವ ಆಧಾರಕ್ಕೆ ಸಮ ಎಂಬುದು ಅದರ ಹಿಂದಿನ ವಿಚಾರ. 1992ರಲ್ಲಿ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಇಂಥ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ಆರಂಭಿಸಿತು. 2000-01ರಲ್ಲಿ ಮಹಿಳೆಯರ ಸ್ವಸಹಾಯ ಗುಂಪುಗಳಿಗಾಗಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. 1999ರಿಂದ ಮೈರಾಡವೇ ಕೆನಡಾದ ಒಂದು ಸಂಸ್ಥೆಯ ಜೊತೆಗೂಡಿ ದಕ್ಷಿಣ ಭಾರತದ ಹಳ್ಳಿಗಳಲ್ಲಿ ಇನ್ನೊಂದು ಪ್ರಯೋಗ ಮಾಡಿತು. ಜನರನ್ನು ಕೂರಿಸಿ ನಿಮ್ಮ ಸಮಸ್ಯೆ ಏನು ಎಂದು ಕೇಳುವ ಬದಲು, ನಿಮ್ಮೂರಲ್ಲಿ ಎಲ್ಲರೂ ಸೇರಿ ಮಾಡಿ ಗೆದ್ದ ಕೆಲಸ ಯಾವುದು, ಅದು ಹೇಗೆ ಗೆದ್ದಿತು ಎಂದು ಕೇಳಿ, ಅಲ್ಲಿಂದ ಮುಂದಿನ ಯೋಜನೆಗೆ ಹೋಗುವ ವಿಧಾನ ಅದು.

ಹಳೆಯ ಬೇರು

ಹಳೇ ಮೈಸೂರಿನ ಒಕ್ಕಲುತನದಲ್ಲಿ ಮುಯ್ಯಾಳು ಎಂಬ ಏರ್ಪಾಡಿತ್ತು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಕೂಲಿಯ ದುಡ್ಡು ಕೈಬದಲಾಗುತ್ತಿರಲಿಲ್ಲ. ಬದಲಿಗೆ ಒಂದು ದಿನದ ದುಡಿಮೆಯ ಋಣ ಉಳಿಯುತ್ತಿತ್ತು, ತೀರುತ್ತಿತ್ತು. ನಾಟಿ, ಕುಯ್ಲು, ಒಕ್ಕಣೆ, ಮನೆ ಕಟ್ಟುವುದು ಎಲ್ಲವೂ ಹೀಗೆಯೇ ಸಾಗುತ್ತಿದ್ದವು. ಕೆರೆಯ ನೀರನ್ನು ಗದ್ದೆಗದ್ದೆಗೆ ಹಂಚಲು ನೀರುಗಂಟಿ ಇರುತ್ತಿದ್ದ. ಬಡಗಿ, ಕಮ್ಮಾರ, ಕುಂಬಾರ, ಅಗಸ ಮೊದಲಾದ ಆಯಗಾರರಿಗೆ ಸುಗ್ಗಿಯಲ್ಲಿ ಕಣದಿಂದಲೇ ಪಾಲು ಸಲ್ಲುತ್ತಿತ್ತು.

ಈ ವ್ಯವಸ್ಥೆಯನ್ನು ಹಾಡಿ ಹೊಗಳುವವರು ಅದರ ಇನ್ನೊಂದು ಮುಖವನ್ನು ಮರೆಯಬಾರದು. ಯಾರಿಗೆ ಯಾವ ಕಸುಬು ಎಂಬುದು ಹುಟ್ಟಿನಿಂದ ನಿಗದಿಯಾಗುತ್ತಿತ್ತು. ತಮಟೆ ಬಾರಿಸುವ ಕೈಗೆ ಬೇರೆ ಏನು ಬರುತ್ತದೆ ಎಂದು ಯಾರೂ ಕೇಳಲಿಲ್ಲ, ಕಣದ ಪಾಲು ಎಷ್ಟೆಂದು ನಿರ್ಧರಿಸುವವರಲ್ಲಿ ಆಯಗಾರ ಇರಲಿಲ್ಲ. ಊರಿನ ಬಲ ಎಣಿಸುವಾಗ ಮುಯ್ಯಾಳಿನ ಸಮಾನತೆಯನ್ನು ಮಾದರಿಯಾಗಿ ಇಟ್ಟುಕೊಳ್ಳಬೇಕೇ ಹೊರತು ಜಾತಿಗೆ ಕಟ್ಟಿಹಾಕಿದ ಕಸುಬನ್ನಲ್ಲ.

ಚನ್ನಪಟ್ಟಣ: ಅರಗು ಮತ್ತು ಆಲೆ ಮರ

ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲಿನ ಚನ್ನಪಟ್ಟಣ ಬೊಂಬೆಗಳ ಊರು. ಟಿಪ್ಪು ಸುಲ್ತಾನ್ ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಈ ಕಲೆಯನ್ನು ಇಲ್ಲಿಯವರಿಗೆ ಕಲಿಸಿದ ಎಂಬುದು ಊರಿನ ನಂಬಿಕೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿ ಕೈಗಾರಿಕಾ ಶಾಲೆ ಶುರುವಾಯಿತು. ಜಪಾನಿನ ಬೊಂಬೆ ತಯಾರಿಕೆಯ ತಂತ್ರಗಳನ್ನು ಇಲ್ಲಿಯ ಕೆಲಸಕ್ಕೆ ಹೊಂದಿಸಿಕೊಟ್ಟ ಬಾವಾಸ್ ಮಿಯಾ ಅವರನ್ನು ಚನ್ನಪಟ್ಟಣದ ಬೊಂಬೆ ಕಲೆಯ ಪಿತಾಮಹ ಎಂದು ಕುಶಲಕರ್ಮಿಗಳು ಇಂದಿಗೂ ನೆನೆಯುತ್ತಾರೆ.

ಕೆಲಸದ ಕ್ರಮ ಸರಳವಾಗಿ ಕಾಣುತ್ತದೆ, ಕಲಿಯಲು ವರ್ಷಗಳು ಬೇಕು. ಆಲೆ ಮರ ಬಿಳಿಯ, ಮೆದುವಾದ, ನುಣ್ಣಗಿನ ಮರ. ಅದನ್ನು ಒಣಗಿಸಿ, ತುಂಡು ಮಾಡಿ, ಲೇತಿಗೆ ಸಿಕ್ಕಿಸಿ, ಉಳಿಯಿಂದ ಆಕಾರ ತೆಗೆಯುತ್ತಾರೆ. ಆಮೇಲೆ ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಕೂರುತ್ತದೆ. ಕೊನೆಗೆ ತಾಳೆಗರಿಯಿಂದ ತೀಡಿದರೆ ಬಣ್ಣ ಸಮನಾಗಿ ಹರಡಿ ಹೊಳಪು ಬರುತ್ತದೆ. ಎಷ್ಟು ಒತ್ತಬೇಕು, ಯಾವ ಕ್ಷಣದಲ್ಲಿ ಗರಿ ಇಡಬೇಕು ಎಂಬುದು ಬೆರಳಿಗೆ ಗೊತ್ತು. ಅರಿಶಿನದಿಂದ ಹಳದಿ, ನೀಲಿ ಗಿಡದಿಂದ ನೀಲಿ ಬಣ್ಣ ತೆಗೆಯುವ ಪದ್ಧತಿ ಮಗು ಬಾಯಿಗೆ ಹಾಕುವ ಆಟಿಕೆಗೆ ತಕ್ಕುದಾಗಿತ್ತು. ಸುರಕ್ಷಿತ ಆಟಿಕೆಗಾಗಿ ಹೊರದೇಶದ ತಾಯ್ತಂದೆಯರು ಹುಡುಕಾಡತೊಡಗಿದಾಗ ಇದೇ ಚನ್ನಪಟ್ಟಣಕ್ಕೆ ದೊಡ್ಡ ಬಲವಾಯಿತು.

ಅದಕ್ಕೂ ಮೊದಲು ಕಷ್ಟದ ದಿನಗಳು ಬಂದಿದ್ದವು. ಅಗ್ಗದ ಪ್ಲಾಸ್ಟಿಕ್, ಅದರ ಹಿಂದೆಯೇ ಚೀನಾದ ಆಟಿಕೆಗಳು ಮಾರುಕಟ್ಟೆ ತುಂಬಿದವು. ಅನೇಕ ಮನೆಗಳಲ್ಲಿ ಲೇತು ನಿಂತಿತು, ಮಕ್ಕಳು ಬೆಂಗಳೂರಿನ ಕಾರ್ಖಾನೆಗಳ ಕಡೆ ಹೊರಟರು. ಉಳಿಸಿಕೊಳ್ಳುವ ಪ್ರಯತ್ನಗಳು ಹಲವು ದಿಕ್ಕಿನಿಂದ ನಡೆದವು. ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ 1990ರ ದಶಕದಲ್ಲಿ ನೆದರ್ಲೆಂಡ್ಸ್ ಸರ್ಕಾರದ ನೆರವಿನೊಡನೆ ಅರಗಿನ ಕುಶಲಕಲೆಯ ಸಂಕೀರ್ಣ ಕಟ್ಟಿತು. ಅಲ್ಲಿ ಲೇತು ಇಲ್ಲದವರೂ ಬಂದು ದುಡಿಯಬಹುದಾಗಿತ್ತು. 2005-06ರಲ್ಲಿ ಚನ್ನಪಟ್ಟಣದ ಬೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಮಾಯಾ ಆರ್ಗ್ಯಾನಿಕ್‌ನಂಥ ಸಂಸ್ಥೆಗಳು ಕುಶಲಕರ್ಮಿಗಳನ್ನು ಗುಂಪುಗೂಡಿಸಿ, ಹೊಸ ವಿನ್ಯಾಸ ತಂದು, ಮಹಿಳೆಯರನ್ನೂ ಲೇತಿನ ಮುಂದೆ ಕೂರಿಸಿದವು. ಬಣ್ಣ ಬಳಿಯುವುದು, ಜೋಡಿಸುವುದು ಹೆಂಗಸರ ಪಾಲು, ಲೇತು ಗಂಡಸರದು ಎಂಬ ಗಡಿ ಅಲ್ಲಿ ಸ್ವಲ್ಪ ಸಡಿಲಿತು. ಈ ಸಡಿಲಿಕೆಯನ್ನು ಯಾವ ಪ್ರಶಸ್ತಿಗಿಂತಲೂ ದೊಡ್ಡದೆಂದು ಎಣಿಸಬೇಕು, ಏಕೆಂದರೆ ಮನೆಯಲ್ಲೇ ಇದ್ದು ಲೆಕ್ಕಕ್ಕೆ ಬಾರದಿದ್ದ ಅರ್ಧ ಊರಿನ ಶಕ್ತಿ ಅದರಿಂದ ಕಸುಬಿಗೆ ಬಂತು.

ಕಾನೂನು ಒಂದು ಕಲೆಯನ್ನು ಹೇಗೆ ಕಾಯಬಹುದು, ಹೇಗೆ ಕೊಲ್ಲಲೂಬಹುದು ಎಂಬುದಕ್ಕೂ ಚನ್ನಪಟ್ಟಣ ಸಾಕ್ಷಿ. 2020ರಲ್ಲಿ ಕೇಂದ್ರ ಸರ್ಕಾರ ಆಟಿಕೆಗಳಿಗೆ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿತು; 2021ರ ಜನವರಿ 1ರಿಂದ ಐಎಸ್‌ಐ ಗುರುತಿಲ್ಲದೆ ಆಟಿಕೆ ಮಾರುವಂತಿಲ್ಲ ಎಂದಾಯಿತು. ಕಳಪೆ ಆಮದನ್ನು ತಡೆಯುವ ಉದ್ದೇಶ ಸರಿಯೇ. ಆದರೆ ಮನೆಯ ಮುಂಭಾಗದಲ್ಲಿ ಒಂದು ಲೇತು ಇಟ್ಟುಕೊಂಡವರು ಪರೀಕ್ಷೆಯ ಖರ್ಚು, ಪರವಾನಗಿಯ ಓಡಾಟ ಹೊರಲಾರರು. ನೋಂದಾಯಿತ ಕುಶಲಕರ್ಮಿಗಳ ವಸ್ತುಗಳಿಗೂ ಭೌಗೋಳಿಕ ಸೂಚಕ ಪಡೆದ ಆಟಿಕೆಗಳಿಗೂ ತಿದ್ದುಪಡಿಯ ಮೂಲಕ ವಿನಾಯಿತಿ ಕೊಟ್ಟದ್ದರಿಂದ ಅಪಾಯ ತಪ್ಪಿತು. ಮಾನ್ಯತೆಯ ಕಾಗದ ನಿಜವಾಗಿ ಕೈಹಿಡಿದ ಸಂದರ್ಭ ಇದು.

ಹೀಗಿದ್ದರೂ ತುಂಡಿನ ಲೆಕ್ಕದಲ್ಲಿ ಕೂಲಿಗೆ ದುಡಿಯುವವರ ಬದುಕು ಬೊಂಬೆಯ ಕೀರ್ತಿಗೆ ತಕ್ಕಂತೆ ಬೆಳೆದಿಲ್ಲ. ಬೊಂಬೆ ಬೆಂಗಳೂರಿನ ಅಂಗಡಿಯಲ್ಲಿ ಎಷ್ಟಕ್ಕೆ ಮಾರಾಟವಾಗುತ್ತದೆ ಎಂಬುದು ಅದನ್ನು ತಿರುಗಿಸಿದ ಕೈಗೆ ಸಂಬಂಧವಿಲ್ಲದ ಸುದ್ದಿಯಾಗಿ ಉಳಿದಿದೆ. ಸ್ವಂತ ಲೇತು, ಮರ ಕೊಳ್ಳಲು ಸಾಲ, ತಮ್ಮದೇ ಸಹಕಾರ ಸಂಘ: ಈ ಮೂರು ಇದ್ದ ಮನೆಗಳಲ್ಲಿ ಮಕ್ಕಳು ಕಸುಬಿಗೆ ಬರಲು ಒಪ್ಪುತ್ತಾರೆ. ಇಲ್ಲದ ಮನೆಯ ಮಕ್ಕಳಿಗೆ ಪರಂಪರೆ ಉಳಿಸಿ ಎಂದು ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ.

ರಾಮನಗರ: ಗೂಡಿನಿಂದ ನೂಲಿಗೆ

ರಾಮನಗರದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ಅತಿ ದೊಡ್ಡದೆಂದು ಹೆಸರಾಗಿದೆ. ಈ ಹೆಗ್ಗಳಿಕೆಗಿಂತ ಗಮನಿಸಬೇಕಾದ್ದು ಆ ಮಾರುಕಟ್ಟೆಯ ಹಿಂದಿರುವ ಕೈಗಳ ಸರಪಳಿ. ಮಾಗಡಿ, ಕುದೂರು, ಬಿಡದಿ ಕಡೆಯ ಕೆಲವು ಹಳ್ಳಿಗಳು ಬಿತ್ತನೆ ಪ್ರದೇಶ. ಅಲ್ಲಿಯ ರೈತರು ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಯುತ್ತಾರೆ. ಬಿತ್ತನೆ ಕೋಠಿಗಳಲ್ಲಿ ಮೊಟ್ಟೆ ತಯಾರಾಗುತ್ತದೆ. ಚಾಕಿ ಸಾಕಣೆ ಕೇಂದ್ರದವರು ಎಳೆ ಹುಳುವನ್ನು ಎರಡನೇ ಜ್ವರದವರೆಗೆ ಸಾಕಿ ರೈತರಿಗೆ ಕೊಡುತ್ತಾರೆ. ಹುಳು ಪೊರೆ ಕಳಚುವ ಹೊತ್ತನ್ನು ರೈತರು ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಕಳೆದು, ಸುಮಾರು ನಾಲ್ಕು ವಾರಕ್ಕೆ ಹುಳು ಹಣ್ಣಾಗುತ್ತದೆ. ಹಣ್ಣಾದ ಹುಳುವನ್ನು ಆಯ್ದು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಆ ಚಂದ್ರಿಕೆ ಹೆಣೆಯುವವರು ಮೇದರು. ಗೂಡು ಬಿಡಿಸಿ ಮಾರುಕಟ್ಟೆಗೆ ತಂದ ಮೇಲೆ ಅದನ್ನು ಕೊಳ್ಳುವವರು ನೂಲು ಬಿಚ್ಚಣಿಕೆದಾರರು, ಊರಿನ ಮಾತಿನಲ್ಲಿ ರೀಲರ್‌ಗಳು. ಬಿಚ್ಚಿದ ನೂಲು ಹುರಿ ಯಂತ್ರಕ್ಕೆ ಹೋಗಿ, ಅಲ್ಲಿಂದ ಮಗ್ಗಕ್ಕೆ ಹೋಗುತ್ತದೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಸಾಮಾನ್ಯವಾಗಿ ಆರರಿಂದ ಎಂಟು ಕಿಲೋ ಗೂಡು ಬೇಕು. ಎಳೆ ಬಿಚ್ಚಿ ತುಂಡಾದ ಗೂಡೂ ಹಾಳಾಗುವುದಿಲ್ಲ. ಅಂಥ ಉಳಿಕೆಯಿಂದ ನೂಲು ತೆಗೆಯಲು ಚನ್ನಪಟ್ಟಣದಲ್ಲಿ 1936ರಲ್ಲೇ ಸ್ಪನ್ ಸಿಲ್ಕ್ ಗಿರಣಿ ಬಂತು.

ಈ ಸರಪಳಿಯ ಒಂದೊಂದು ಕೊಂಡಿಯಲ್ಲೂ ಶಾಲೆಯಲ್ಲಿ ಹೇಳಿಕೊಡದ ಅರಿವಿದೆ. ಸೊಪ್ಪು ಎಷ್ಟು ಎಳೆಯದಿರಬೇಕು, ಮನೆಯ ಬಿಸಿ ಎಷ್ಟಿರಬೇಕು, ಹುಳು ತಲೆ ಎತ್ತಿ ನಿಂತಾಗ ಏಕೆ ಸೊಪ್ಪು ಹಾಕಬಾರದು, ಹಣ್ಣಾದ ಹುಳುವಿನ ಮೈ ಹೇಗೆ ಹೊಳೆಯುತ್ತದೆ ಎಂಬುದನ್ನು ಬಲ್ಲವರಲ್ಲಿ ಹೆಂಗಸರೇ ಹೆಚ್ಚು. ಹುಳುಮನೆಯ ರಾತ್ರಿ ಪಾಳಿ, ಕಸ ತೆಗೆಯುವುದು, ಹುಳು ಆಯುವುದು ಬಹುತೇಕ ಅವರ ಹೆಗಲ ಮೇಲಿದೆ. ಪಹಣಿಯಲ್ಲಿ ಮಾತ್ರ ಗಂಡಸಿನ ಹೆಸರಿರುತ್ತದೆ, ಮಾರುಕಟ್ಟೆಯ ದುಡ್ಡೂ ಆ ಹೆಸರಿನ ಖಾತೆಗೇ ಬೀಳುತ್ತದೆ. ರೇಷ್ಮೆಯ ಬಗ್ಗೆ ಬರೆಯುವವರು ಈ ಅಂತರವನ್ನು ಪದೇಪದೇ ಹೇಳಬೇಕಾಗಿದೆ.

ಹುಳು ಬೆಳೆಯುವವರಲ್ಲಿ ಬಹುಪಾಲು ಸುತ್ತಲಿನ ಹಳ್ಳಿಗಳ ಒಕ್ಕಲು ಮನೆಗಳು. ನೂಲು ಬಿಚ್ಚುವವರಲ್ಲಿ ಬಹುಪಾಲು ಪಟ್ಟಣದ ಮುಸ್ಲಿಮರು. ಬೆಳೆದವರಿಗೆ ಗೂಡನ್ನು ಕೂಡಲೇ ಮಾರಲೇಬೇಕು, ತಡವಾದರೆ ಚಿಟ್ಟೆ ಗೂಡು ಸೀಳಿ ಹೊರಬರುತ್ತದೆ, ಎಳೆ ಹೋಗುತ್ತದೆ. ಬಿಚ್ಚುವವರಿಗೆ ದಿನವೂ ಗೂಡು ಬೇಕು, ಒಲೆ ಹಚ್ಚದಿದ್ದರೆ ಕೂಲಿಯವರು ಬೇರೆ ಕಡೆ ಹೋಗುತ್ತಾರೆ. ಒಬ್ಬರಿಲ್ಲದೆ ಇನ್ನೊಬ್ಬರ ಮನೆ ನಡೆಯದು. ದಿನಬೆಳಗಾದರೆ ನಡೆಯುವ ಈ ಕೊಡುಕೊಳ್ಳುವಿಕೆ ಎರಡು ಸಮುದಾಯಗಳ ನಡುವೆ ಬೆಳೆಸಿರುವ ಪರಿಚಯ, ಸಲುಗೆ, ಜಗಳ, ರಾಜಿಗಳು ಭಾಷಣದ ಸೌಹಾರ್ದಕ್ಕಿಂತ ಗಟ್ಟಿ. ರಾಮನಗರದ ಅತಿ ದೊಡ್ಡ ಆಸ್ತಿ ಇದೇ.

ಈ ಆಸ್ತಿ ತಾನಾಗಿ ಉಳಿಯಲಿಲ್ಲ. ಹಿಂದೆ ದಲ್ಲಾಳಿಗಳು ಹಳ್ಳಿಗೇ ಬಂದು, ತೂಕದಲ್ಲೂ ಬೆಲೆಯಲ್ಲೂ ರೈತನನ್ನು ಹಿಂಡುತ್ತಿದ್ದರು. 1959ರಲ್ಲಿ ಮೈಸೂರು ರಾಜ್ಯ ರೇಷ್ಮೆ ಬಿತ್ತನೆ, ಗೂಡು ಮತ್ತು ನೂಲಿನ ವ್ಯಾಪಾರವನ್ನು ನಿಯಂತ್ರಿಸುವ ಕಾಯ್ದೆ ತಂದಿತು. ಸರ್ಕಾರಿ ಮಾರುಕಟ್ಟೆಯಲ್ಲಿ ಎಲ್ಲರೆದುರು ಹರಾಜು, ಎಲ್ಲರೆದುರು ತೂಕ ಎಂಬ ನಿಯಮ ಬಲವಾಯಿತು. 2010ರ ದಶಕದಲ್ಲಿ ಕೂಗಿ ಹರಾಜು ಹಾಕುವ ಪದ್ಧತಿಯ ಜಾಗಕ್ಕೆ ಇ-ಹರಾಜು ಬಂತು. ರೀಲರ್‌ಗಳು ಮೊಬೈಲಿನಲ್ಲೇ ಬೆಲೆ ಕಟ್ಟುತ್ತಾರೆ, ರೈತ ಬಂದ ಬೆಲೆಯನ್ನು ಒಪ್ಪಬಹುದು, ಬೇಡವೆನ್ನಬಹುದು. ಬೇಡ ಎನ್ನುವ ಆ ಒಂದು ಹಕ್ಕಿನಿಂದಲೇ ಕೋಲಾರ, ಮಂಡ್ಯದ ಕಡೆಯವರೂ ಪಕ್ಕದ ರಾಜ್ಯದವರೂ ಗೂಡಿನ ಚೀಲ ಹೊತ್ತು ಇಲ್ಲಿಯವರೆಗೆ ಬರುತ್ತಾರೆ.

ಅರಿವು ಹಂಚಿಕೊಂಡು ಬೆಳೆದದ್ದಕ್ಕೆ ಇನ್ನೊಂದು ಉದಾಹರಣೆ ರೇಷ್ಮೆಹುಳುವನ್ನು ಕೊಲ್ಲುವ ಊಜಿ ನೊಣದ ಕಾಟ. 1980ರಲ್ಲಿ ಈ ನೊಣ ಕರ್ನಾಟಕಕ್ಕೆ ಕಾಲಿಟ್ಟಾಗ ಹುಳುಮನೆಗಳು ತತ್ತರಿಸಿದವು. ರೇಷ್ಮೆ ಇಲಾಖೆಯವರು ಹೇಳಿದ ಪರದೆ ಮತ್ತು ಔಷಧಿಯ ಕ್ರಮಗಳು ಗೆದ್ದ ರೈತನ ಮನೆಯಿಂದ ಪಕ್ಕದ ಮನೆಗೆ ಹೋಗಿಯೇ ಹರಡಿದವು. ಮುಂದೆ ದ್ವಿತಳಿ ರೇಷ್ಮೆಹುಳುವಿನ ಬೆಳೆ ಬಂದಾಗಲೂ ಹೀಗೆಯೇ ಆಯಿತು. ಜಪಾನಿನ ನೆರವಿನ ಯೋಜನೆಗಳು ತಾಂತ್ರಿಕ ಜ್ಞಾನ ತಂದವು, ಆದರೆ ಆರು ಗುಂಟೆ ಹಿಪ್ಪುನೇರಳೆ ಇಟ್ಟವರು ನಂಬಿದ್ದು ಮೊದಲ ಬೆಳೆ ತೆಗೆದು ತೋರಿಸಿದ ಪಕ್ಕದ ಹೊಲದವರನ್ನು.

ಮಾಗಡಿ: ನಾಲ್ಕು ಕಿಲೋಮೀಟರ್ ಆಲದ ಸಾಲು

ಜನರ ಬಲವನ್ನು ಕಾಗದದ ಮೇಲೆ ಎಣಿಸುವ ಪದ್ಧತಿ ಎಷ್ಟು ಕುರುಡಾಗಿರಬಹುದು ಎಂಬುದನ್ನು ಸಾಲುಮರದ ತಿಮ್ಮಕ್ಕನವರ ಬದುಕು ತೋರಿಸುತ್ತದೆ. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ, ಮಾಗಡಿ ತಾಲ್ಲೂಕು ಹುಲಿಕಲ್ಲಿನ ಬಿಕ್ಕಲ ಚಿಕ್ಕಯ್ಯನವರನ್ನು ಮದುವೆಯಾಗಿ ಬಂದ ಅವರು ಕಲ್ಲುಕ್ವಾರಿಯಲ್ಲಿ ಕೂಲಿ ಮಾಡುತ್ತಿದ್ದರು. ಅಕ್ಷರ ಕಲಿತಿರಲಿಲ್ಲ, ಮಕ್ಕಳಾಗಲಿಲ್ಲ. ಮಕ್ಕಳಿಲ್ಲದ ಹೆಣ್ಣಿಗೆ ಹಳ್ಳಿಯಲ್ಲಿ ಏನು ಮಾತು ಬೀಳುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. ಯಾವ ಸಮೀಕ್ಷೆ ನಡೆದಿದ್ದರೂ ಆ ಮನೆಯ ಮುಂದೆ ಬರೆಯುತ್ತಿದ್ದುದು ಇಲ್ಲಗಳನ್ನೇ.

ಗಂಡ ಹೆಂಡತಿ ಇಬ್ಬರೂ ಆಲದ ಗಿಡ ಮಾಡಿ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ರಸ್ತೆಬದಿಯಲ್ಲಿ ನೆಡಲು ತೊಡಗಿದರು. ಮೊದಲ ವರ್ಷ ಹತ್ತು ಗಿಡ, ಮರುವರ್ಷ ಹದಿನೈದು, ಅದರ ಮುಂದಿನ ವರ್ಷ ಇಪ್ಪತ್ತು. ಮಳೆಗಾಲ ನೋಡಿ ನೆಟ್ಟರು. ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. ಮಳೆ ಕೈಕೊಟ್ಟಾಗ ದೂರದಿಂದ ಕೊಡದಲ್ಲಿ ನೀರು ಹೊತ್ತು ತಂದು ಎರೆದರು. ಸುಮಾರು ನಾಲ್ಕು ಕಿಲೋಮೀಟರ್ ಉದ್ದಕ್ಕೆ 385 ಆಲದ ಮರಗಳು ನಿಂತವು. 1991ರಲ್ಲಿ ಚಿಕ್ಕಯ್ಯನವರು ತೀರಿಕೊಂಡರು. 1995ರಲ್ಲಿ ರಾಷ್ಟ್ರೀಯ ಪೌರ ಪ್ರಶಸ್ತಿ, 2010ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ, 2019ರಲ್ಲಿ ಪದ್ಮಶ್ರೀ ತಿಮ್ಮಕ್ಕನವರಿಗೆ ಬಂದವು. 2019ರಲ್ಲೇ ರಸ್ತೆ ಅಗಲ ಮಾಡುವ ಯೋಜನೆಯಿಂದ ಮರಗಳಿಗೆ ಕುತ್ತು ಬಂದಾಗ ಅವರು ಸರ್ಕಾರದ ಬಾಗಿಲಿಗೆ ಹೋಗಿ ಮರಗಳನ್ನು ಉಳಿಸಿ ಎಂದು ಕೇಳಿದರು. ರಾಜ್ಯದ ಅರಣ್ಯ ಇಲಾಖೆ ಅವರ ಹೆಸರಿನಲ್ಲಿ ತಾಲ್ಲೂಕುಗಳಲ್ಲಿ ವೃಕ್ಷೋದ್ಯಾನಗಳನ್ನು ಮಾಡಿದೆ. 2025ರ ನವೆಂಬರ್ 14ರಂದು, 114ನೆಯ ವಯಸ್ಸಿನಲ್ಲಿ ಅವರು ಕೊನೆಯುಸಿರೆಳೆದರು.

ಅವರ ಕೆಲಸವನ್ನು ಮಕ್ಕಳಿಲ್ಲದ ನೋವಿನ ಕಥೆಯಾಗಿಯೇ ಹೇಳುವ ರೂಢಿ ಬಿದ್ದಿದೆ. ನೋವು ಇತ್ತು, ನಿಜ. ಆದರೆ ಮಳೆಯ ಗುಣ, ಮಣ್ಣಿನ ಗುಣ, ಬೇಲಿಯ ಮುಳ್ಳಿನ ಗುಣ ಬಲ್ಲ ಇಬ್ಬರು ಕೂಲಿಕಾರರ ಅರಿವು, ವರ್ಷವರ್ಷವೂ ಬಿಡದ ಅವರ ಶಿಸ್ತು ಕೂಡ ಅಷ್ಟೇ ನಿಜ. ಅದನ್ನು ಮೊದಲು ಹೇಳಬೇಕು.

ಬಡವರೊಳಗಿನ ಬಲವನ್ನು ನಂಬಿ ಕೆಲಸ ಮಾಡಿದ ಇಬ್ಬರು ಮಠಾಧೀಶರೂ ಈ ಸೀಮೆಯವರೇ. ನಡೆದಾಡುವ ದೇವರು ಎಂದು ಹೆಸರಾದ ತುಮಕೂರಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿಯವರು 1907ರ ಏಪ್ರಿಲ್ 1ರಂದು ಹುಟ್ಟಿದ್ದು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ. ಆದಿಚುಂಚನಗಿರಿ ಮಠದ ಬಾಲಗಂಗಾಧರನಾಥ ಸ್ವಾಮೀಜಿಯವರು ಬಿಡದಿ ಬಳಿಯ ಬಾನಂದೂರಿನವರು. ಬಡವರ ಮಕ್ಕಳಿಗೆ ಅನ್ನ, ಅಕ್ಷರ, ಆಸರೆ ಕೊಟ್ಟರೆ ಅವರೊಳಗಿನ ಶಕ್ತಿ ತಾನೇ ಏಳುತ್ತದೆ ಎಂಬ ನಂಬಿಕೆ ಎರಡೂ ಮಠಗಳ ಕೆಲಸದ ತಳಹದಿ.

ಕನಕಪುರ

ಹಿಂದೆ ಕಾನಕಾನಹಳ್ಳಿ ಎನಿಸಿಕೊಂಡಿದ್ದ ಕನಕಪುರ ರೇಷ್ಮೆ, ಹೈನು ಮತ್ತು ಕಲ್ಲುಗಣಿಗಳ ತಾಲ್ಲೂಕು. ಗಾಂಧಿವಾದಿ ಎಸ್. ಕರಿಯಪ್ಪನವರು ಇಲ್ಲಿ ರೂರಲ್ ಎಜುಕೇಷನ್ ಸೊಸೈಟಿ ಕಟ್ಟಿ, ಬೆಂಗಳೂರಿಗೆ ಹೋಗಲಾರದ ಹಳ್ಳಿ ಹುಡುಗರಿಗೆ ಊರ ಬಳಿಯೇ ಪ್ರೌಢಶಾಲೆ, ಕಾಲೇಜು ಒದಗಿಸಿದರು.

ಹಾಲು ಉತ್ಪಾದಕರ ಸಹಕಾರ ಸಂಘಗಳು ಇನ್ನೊಂದು ಬಗೆಯ ಶಾಲೆಗಳು. ಬೆಂಗಳೂರು ಹಾಲು ಒಕ್ಕೂಟಕ್ಕೆ ಸೇರಿದ ಈ ಸೀಮೆಯ ಹಳ್ಳಿಗಳಲ್ಲಿ ಬೆಳಗ್ಗೆ ಸಂಜೆ ಹಾಲು ಅಳೆದು, ಕೊಬ್ಬಿನಂಶ ನೋಡಿ, ಚೀಟಿ ಕೊಡುತ್ತಾರೆ. ಎರಡು ಹಸು ಇಟ್ಟವರ ಮತಕ್ಕೂ ಹತ್ತು ಹಸು ಇಟ್ಟವರ ಮತಕ್ಕೂ ಸಂಘದಲ್ಲಿ ಒಂದೇ ಬೆಲೆ. ಮಹಿಳಾ ಹಾಲು ಉತ್ಪಾದಕರ ಸಂಘಗಳಲ್ಲಿ ಕಾರ್ಯದರ್ಶಿಯಾಗಿ ಲೆಕ್ಕ ಬರೆದ ಹೆಣ್ಣುಮಕ್ಕಳು ಗ್ರಾಮ ಪಂಚಾಯಿತಿಗೆ ನಿಲ್ಲಲು ಅಳುಕುವುದಿಲ್ಲ.

ಕನಕಪುರ, ರಾಮನಗರ, ಮಾಗಡಿಯ ಕಾಡಂಚುಗಳಲ್ಲಿ ಇರುಳಿಗರ ಹಾಡಿಗಳಿವೆ. ಜೇನು, ಗೆಡ್ಡೆ, ಮೂಲಿಕೆ, ಪ್ರಾಣಿಗಳ ಜಾಡು ಇವರಷ್ಟು ಬಲ್ಲವರು ಜಿಲ್ಲೆಯಲ್ಲಿ ಬೇರೆ ಇಲ್ಲ. ಪರಿಶಿಷ್ಟ ಪಂಗಡಕ್ಕೆ ಸೇರಿದ ಈ ಜನ ಕಾಡಿನಿಂದ ಹೊರಬಿದ್ದ ಮೇಲೆ ಕೂಲಿ, ಜೀತಗಳಿಗೆ ಸಿಕ್ಕಿ ನರಳಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆ ಅವರಿಗೆ ನೆಲದ ಮೇಲೂ ಕಾಡಿನ ಉತ್ಪನ್ನದ ಮೇಲೂ ಹಕ್ಕು ಕೊಡುತ್ತದೆ. ಹಕ್ಕುಪತ್ರ ಕೈಗೆ ಬರುವವರೆಗೆ ಇರುಳಿಗರ ಅರಿವನ್ನು ಹೊಗಳಿ ಪ್ರಯೋಜನವಿಲ್ಲ.

ಜಾನಪದ ಲೋಕ

ಹಳ್ಳಿಯವರ ಹಾಡು, ಕುಣಿತ, ಕತೆಗಳನ್ನೂ ಊರಿನ ಆಸ್ತಿಯೆಂದು ಎಣಿಸಿದವರು ಎಚ್. ಎಲ್. ನಾಗೇಗೌಡರು (1915–2005). ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯವರಾದ ಅವರು ಆಡಳಿತ ಸೇವೆಯಲ್ಲಿದ್ದಾಗಲೇ ಟೇಪ್ ರೆಕಾರ್ಡರ್ ಹಿಡಿದು ಹಳ್ಳಿ ಸುತ್ತಿದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಸ್ಥಾಪಿಸಿದರು. 1994ರಲ್ಲಿ ರಾಮನಗರದ ಬಳಿ ಹೆದ್ದಾರಿ ಪಕ್ಕದ 15 ಎಕರೆಯಲ್ಲಿ ಜಾನಪದ ಲೋಕ ತೆರೆದುಕೊಂಡಿತು. ಬೀಸುವ ಕಲ್ಲು, ನೇಗಿಲು, ಕೊಳಗ, ಗೊಂಬೆ, ವಾದ್ಯಗಳ ಸಂಗ್ರಹ ಅಲ್ಲಿದೆ. ಆಯಗಾರರ ಬದುಕನ್ನು ತೋರಿಸುವ ಆಯಗಾರ ಮಾಳವೂ ಇದೆ. ಆದರೆ ಅದು ಬರಿಯ ವಸ್ತುಸಂಗ್ರಹಾಲಯವಲ್ಲ. ಓದು ಬರಹ ಬಾರದ ಸೋಬಾನೆಯ ಅಜ್ಜಿಯರು, ಪೂಜಾ ಕುಣಿತದವರು, ತಮಟೆಯವರು ಅಲ್ಲಿ ಕಲಿಸುವವರಾಗಿ ನಿಂತರು, ಕಲಿಯುವವರು ಪದವಿ ಪಡೆದವರಾಗಿದ್ದರು. ಗುರುವಿನ ಪೀಠ ಯಾರಿಗೆ ಎಂಬ ಪ್ರಶ್ನೆಗೆ ಈ ಸೀಮೆ ಕೊಟ್ಟ ದಿಟ್ಟ ಉತ್ತರಗಳಲ್ಲಿ ಇದೂ ಒಂದು.

ಮಿತಿ ಮತ್ತು ಆಕ್ಷೇಪ

ಜನರ ಬಲವನ್ನು ಕೊಂಡಾಡುತ್ತ ಸರ್ಕಾರ ತನ್ನ ಹೊಣೆಯಿಂದ ಜಾರಿಕೊಳ್ಳಬಹುದು ಎಂಬ ಆಕ್ಷೇಪ ಲೋಕದ ಎಲ್ಲೆಡೆ ಕೇಳಿಬಂದಿದೆ. ಈ ಜಿಲ್ಲೆಯ ಅನುಭವ ಅದಕ್ಕಿಂತ ಕಹಿಯಾದ ಇನ್ನೊಂದು ಅಪಾಯವನ್ನು ತೋರಿಸಿದೆ. ರೇಷ್ಮೆ ಬಿಚ್ಚುವ, ಹುರಿ ಮಾಡುವ ಕೆಲಸಕ್ಕೆ ಮಕ್ಕಳ ಎಳೆಯ ಬೆರಳೇ ಚೆನ್ನ ಎಂದು ನಂಬಿಸಿ, ಹೆತ್ತವರಿಗೆ ಮುಂಗಡ ಕೊಟ್ಟು ಮಕ್ಕಳನ್ನು ದುಡಿಸುತ್ತಿದ್ದ ಕಾಲವಿತ್ತು. 2003ರ ಜನವರಿಯಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ಪ್ರಕಟಿಸಿದ ವರದಿಯಲ್ಲಿ ರಾಮನಗರ, ಮಾಗಡಿಗಳ ಹೆಸರಿದೆ. ಕುದಿನೀರಿನಲ್ಲಿ ಬೆಂದ ಬೆರಳು, ಹೊಗೆ ಕುಡಿದ ಎದೆ, ತಪ್ಪಿಹೋದ ಶಾಲೆ. ಜೀತ ಪದ್ಧತಿಯನ್ನು 1976ರಲ್ಲೇ ಕಾನೂನು ನಿಷೇಧಿಸಿತ್ತು. 1986ರಲ್ಲಿ ಬಾಲಕಾರ್ಮಿಕ ಕಾಯ್ದೆ ಬಂದಿತ್ತು. ಕಾಯ್ದೆಯನ್ನು ಜಾರಿಗೆ ತರಿಸಿದ್ದು ಹೊರಗಿನ ವರದಿ, ಒಳಗಿನ ಹೋರಾಟ, ಶಾಲೆಯ ಬಿಸಿಯೂಟ ಎಲ್ಲವೂ ಸೇರಿ. ಕೌಶಲ ಯಾರದೋ ಅವರಿಗೇ ಅದರಿಂದ ಒಳಿತಾಗುತ್ತದೆಯೇ ಎಂದು ಕೇಳದೆ ಹೋದರೆ ಬಾಲಕಾರ್ಮಿಕತನವೂ ಕುಶಲತೆಯ ವೇಷ ಹಾಕಬಲ್ಲದು.

ಬೆಂಗಳೂರಿನ ವಿಸ್ತರಣೆ ಈಗಿನ ಸವಾಲು. ಬಿಡದಿಯಲ್ಲಿ 1990ರ ದಶಕದ ಕೊನೆಯಿಂದ ಬಂದ ಕಾರು ಕಾರ್ಖಾನೆ, ಹೆದ್ದಾರಿಯ ತಟ್ಟೆ ಇಡ್ಲಿ ಹೋಟೆಲುಗಳು ಹಲವರಿಗೆ ಕೆಲಸ ಕೊಟ್ಟಿವೆ. ಅದೇ ಬಿಡದಿಯ ಸುತ್ತ ಉಪನಗರಕ್ಕೆ ಸಾವಿರಾರು ಎಕರೆ ಭೂಸ್ವಾಧೀನದ ಯೋಜನೆ ಬಂದು, ರೈತರು ವಿರೋಧಿಸುತ್ತಿದ್ದಾರೆ. ಒಂದು ಎಕರೆ ಹಿಪ್ಪುನೇರಳೆ ತೋಟ ಹೋದರೆ ಅದರ ಜೊತೆ ಹುಳುಮನೆ, ಚಾಕಿ ಕೇಂದ್ರದ ಗಿರಾಕಿ, ರೀಲರ್‌ನ ಒಲೆ, ಮೇದರ ಚಂದ್ರಿಕೆ ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ಪರಿಹಾರದ ಲೆಕ್ಕ ಭೂಮಿಯ ಬೆಲೆಯಷ್ಟನ್ನೇ ನೋಡುತ್ತದೆ, ಈ ಸರಪಳಿಯನ್ನು ನೋಡುವುದಿಲ್ಲ.

ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ 'ನಮ್ಮ ಗ್ರಾಮ ನಮ್ಮ ಯೋಜನೆ' ಹೆಸರಿನಲ್ಲಿ ಪ್ರತಿವರ್ಷ ಯೋಜನೆ ತಯಾರಾಗುತ್ತದೆ. ಅದರ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ನೀರಿನ ಬೇಡಿಕೆಗಳ ಪಟ್ಟಿ ಆಗಲೇಬೇಕು. ಅದರ ಜೊತೆಗೆ ಊರಿನಲ್ಲಿ ಯಾರಿಗೆ ಯಾವ ಕಸುಬು ಬರುತ್ತದೆ, ಯಾರು ಕಲಿಸಬಲ್ಲರು, ಯಾರ ದುಡಿಮೆಗೆ ಸರಿಯಾದ ಬೆಲೆ ಸಿಗುತ್ತಿಲ್ಲ ಎಂಬುದನ್ನೂ ಬರೆಸಿ. ಆ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರು, ಇರುಳಿಗರ ಹಾಡಿಯವರ ಹೆಸರು, ಲೇತಿನ ಕೂಲಿಯವರ ಹೆಸರು ಬರುವವರೆಗೆ ಸಭೆಯಿಂದ ಏಳಬೇಡಿ.